ಚಳಿಗೆ ಕಾಯುವ ಮೊಗ್ಗು, ನೀರಿಗೆ ಕಾಯುವ ಮೊಗ್ಗು

ಯುರೋಪು, ಅಮೆರಿಕ, ಜಪಾನಿನ ತೋಟಗಳಲ್ಲಿ ಚಳಿಗಾಲ ಮುಗಿಯಿತೆಂದು ಮೊದಮೊದಲು ಸಾರುವ ಗಿಡಗಳಲ್ಲಿ ಫೋರ್ಸಿಥಿಯಾ ಒಂದು. ಎಲೆ ಮೂಡುವ ಮುಂಚೆಯೇ ಬೋಳು ಕೊಂಬೆಗಳ ಉದ್ದಕ್ಕೂ ಹಳದಿ ಹೂ ಕಿಕ್ಕಿರಿಯುತ್ತದೆ. 1804ರಲ್ಲಿ ತೀರಿಕೊಂಡ ಸ್ಕಾಟ್ಲೆಂಡಿನ ತೋಟಗಾರ ವಿಲಿಯಂ ಫೋರ್ಸಿತ್ ಅವರ ಹೆಸರು ಅದಕ್ಕೆ. ಚಿತ್ರ ನೋಡಿದವರಿಗೆ ಒಂದು ಸಸಿ ತರಿಸಿ ನೆಡುವ ಆಸೆಯಾಗುವುದು ಸಹಜ. ಆದರೆ ಗೊರೂರು ಅಣೆಕಟ್ಟಿನ ಹಿನ್ನೀರಿನ ದಡದ ಶೆಟ್ಟಿಹಳ್ಳಿಯಂಥ ಊರಿನ ಹಿತ್ತಿಲಿಗೆ ಆ ಗಿಡ ಬೇಡ, ಅದನ್ನು ಸಾಕುವ ತಿಳಿವಳಿಕೆ ಮಾತ್ರ ಬೇಕು ಎನ್ನುತ್ತೇನೆ. ಅದರ ದಾಯಾದಿ ನಮ್ಮ ಹಿತ್ತಿಲಲ್ಲೇ ಇದೆ, ಮಲ್ಲಿಗೆ. ಆಲಿವ್, ಪಾರಿಜಾತ, ಮಲ್ಲಿಗೆ, ಫೋರ್ಸಿಥಿಯಾ ಎಲ್ಲವೂ ಓಲಿಯೇಸಿ ಕುಟುಂಬಕ್ಕೆ ಸೇರಿದವು. ಒಂದೇ ಸುತ್ತಿನ ಮಲ್ಲಿಗೆ ಹೂವಿನ ಕೊಳವೆಯನ್ನು ಉಗುರಿನಿಂದ ಸೀಳಿ ನೋಡಿ, ಒಳಗೆ ಎರಡೇ ಕೇಸರ. ಫೋರ್ಸಿಥಿಯಾದಲ್ಲೂ ಎರಡೇ.

ಫೋರ್ಸಿಥಿಯಾದ ಹೂಮೊಗ್ಗು ಹಿಂದಿನ ಬೇಸಿಗೆಯಲ್ಲೇ ಕಟ್ಟಿ, ಕೊಂಬೆಯ ಮೇಲೆ ಮಲಗಿರುತ್ತದೆ. ವಾರಗಟ್ಟಲೆ ಸುಮಾರು 0ರಿಂದ 7 ಡಿಗ್ರಿ ಸೆಲ್ಸಿಯಸ್ ಚಳಿ ಉಂಡ ಮೇಲೆಯೇ ಅದಕ್ಕೆ ಎಚ್ಚರ. ಇದಕ್ಕೆ ಸಾಕ್ಷಿ ಆ ಚಳಿನಾಡುಗಳ ಮನೆಗಳಲ್ಲೇ ಸಿಗುತ್ತದೆ. ಚಳಿಗಾಲ ಮುಕ್ಕಾಲು ಕಳೆದ ಮೇಲೆ ಕೊಂಬೆ ಕತ್ತರಿಸಿ ಬೆಚ್ಚಗಿನ ಕೋಣೆಯಲ್ಲಿ ನೀರಿನಲ್ಲಿಟ್ಟರೆ ಒಂದೆರಡು ವಾರದಲ್ಲಿ ಹೂ ಅರಳುತ್ತದೆ. ಚಳಿ ಶುರುವಾಗುವ ಮುನ್ನ ಕತ್ತರಿಸಿದ ಕೊಂಬೆ ಹಾಗೆ ಅರಳುವುದಿಲ್ಲ. ಹಾಸನದ ಪುಷ್ಯ ಮಾಸಕ್ಕೂ ಕಂಬಳಿ ಬೇಕು, ನಿಜ. ಆದರೆ ಇಲ್ಲಿ ಜನವರಿಯ ಹಗಲು 25 ಡಿಗ್ರಿ ದಾಟುತ್ತದೆ. ಒಂದೆರಡು ರಾತ್ರಿಯ ಚಳಿ ಮೊಗ್ಗಿನ ಲೆಕ್ಕಕ್ಕೆ ಸಾಲದು. ಹಿಮಾಚಲದ ಸೇಬು ಬಯಲುಸೀಮೆಗೂ ಬಂದಿಲ್ಲವೇ ಎಂದು ಕೇಳಬಹುದು. ಬಂದಿದೆ, ಎಚ್‌ಆರ್‌ಎಂಎನ್-99ರಂಥ ತಳಿಗಳಿಂದ. ಆದರೆ ಅಲ್ಲಿ ಗಿಡವನ್ನು ಯಾರೂ ಪಳಗಿಸಲಿಲ್ಲ, ಕಡಿಮೆ ಚಳಿ ಸಾಕೆನ್ನುವ ಗಿಡವನ್ನು ಆರಿಸಿಕೊಂಡರು. ಗೊಬ್ಬರ, ನೀರು ಎಷ್ಟು ಸುರಿದರೂ ಚಳಿಯ ಬದಲಿಗೆ ನಿಲ್ಲಲಾರವು.

ನಮ್ಮ ಸೀಮೆಯ ಗಿಡಗಳೂ ಕಾಯುತ್ತವೆ, ಬೇರೆಯದಕ್ಕೆ. ಸಕಲೇಶಪುರದ ಕಾಫಿ ತೋಟಗಳಲ್ಲಿ ಮೊಗ್ಗುಗಳು ಬೇಸಿಗೆಯ ಒಣಹವೆಯಲ್ಲಿ ಬೆಳವಣಿಗೆ ನಿಲ್ಲಿಸಿ ಕೂತಿರುತ್ತವೆ. ಮಾರ್ಚ್-ಏಪ್ರಿಲಿನಲ್ಲಿ ಒಂದು ಹದವಾದ ಹೂಮಳೆ ಬಿತ್ತೆಂದರೆ ಎಂಟು-ಹತ್ತು ದಿನದಲ್ಲಿ ಇಡೀ ಗುಡ್ಡ ಬೆಳ್ಳಗಾಗುತ್ತದೆ. ಫೋರ್ಸಿಥಿಯಾಕ್ಕೆ ಚಳಿ ಮಾಡುವ ಕೆಲಸವನ್ನು ಇಲ್ಲಿ ಬರ ಮತ್ತು ಮಳೆ ಸೇರಿ ಮಾಡುತ್ತವೆ. ದುಂಡುಮಲ್ಲಿಗೆಯನ್ನು ಸವರುವ ಮುನ್ನ ಬೆಳೆಗಾರರು ನೀರು ನಿಲ್ಲಿಸುವುದೂ ಈ ಜಾಡಿನದೇ: ಗಿಡಕ್ಕೆ ಮೊದಲು ಬಿಡುವು, ಆಮೇಲೆ ಕತ್ತರಿ, ಗೊಬ್ಬರ, ನೀರು.

ಕತ್ತರಿಯ ವಿಷಯದಲ್ಲೇ ಹೆಚ್ಚು ಗಿಡಗಳು ಕೆಡುವುದು. ಫೋರ್ಸಿಥಿಯಾದ ಹೂ ಹಳೆಯ ಕೊಂಬೆಯ ಮೇಲಿನದು. ಹೂ ಮುಗಿದ ಕೂಡಲೇ ಸವರಬೇಕು, ಚಳಿಗಾಲದಲ್ಲಿ ಸವರಿದರೆ ಆ ವರ್ಷದ ಹೂವನ್ನೇ ಕಡಿದಂತೆ. ದುಂಡುಮಲ್ಲಿಗೆಯ ಹೂ ಹೊಸ ಚಿಗುರಿನ ತುದಿಯದು. ನವೆಂಬರ್ ಕೊನೆಯಿಂದ ಡಿಸೆಂಬರಿನೊಳಗೆ ಸವರಬೇಕು. ಅದೇ ಮಲ್ಲಿಗೆಯ ಕುಲದ ಕಾಕಡಕ್ಕೆ ಈ ತಿಂಗಳು ಹೊಂದುವುದಿಲ್ಲ, ಅದು ಚಳಿಗಾಲದಲ್ಲೇ ಹೂ ಕೊಡುವಂಥದ್ದು. ಹಸಿರಾಗಿರುವ ಗಿಡವನ್ನು ಕಡಿಯಲು ಮನಸ್ಸು ಬಾರದೆಂದು ಹಲವರು ಕೈ ಹಿಂದೆಗೆಯುತ್ತಾರೆ. ಆ ಸಂಕಟ ಗೌರವಿಸುವಂಥದ್ದೇ. ಆದರೆ ವರ್ಷಗಟ್ಟಲೆ ಸವರದ ಮಲ್ಲಿಗೆ ಪೊದೆಯನ್ನು ಬಗ್ಗಿ ನೋಡಿ: ಒಳಗೆಲ್ಲ ಒಣಕಡ್ಡಿ, ಹೂ ಹೊರ ಅಂಚಿನಲ್ಲಿ ಮಾತ್ರ. ಚಿಗುರಿನ ತುದಿಯಿಂದ ಇಳಿಯುವ ಆಕ್ಸಿನ್ ಎಂಬ ಹಾರ್ಮೋನು ಕೆಳಗಿನ ಮೊಗ್ಗುಗಳನ್ನು ತಡೆದಿಡುತ್ತದೆ. ತುದಿ ಹೋದೊಡನೆ ಗೆಣ್ಣಿನಲ್ಲಿ ಎದುರುಬದುರಾಗಿ ಕೂತ ಎರಡು ಮೊಗ್ಗು ಏಳುತ್ತವೆ, ಒಂದು ಕಡ್ಡಿಯ ಜಾಗದಲ್ಲಿ ಎರಡು ಚಿಗುರು.

ಹಾಗಾಗಿ ಹಳದಿ ಹೂವಿನ ಆಸೆ ಬಿಟ್ಟು, ಈ ನವೆಂಬರಿನಲ್ಲಿ ಹಿತ್ತಿಲ ದುಂಡುಮಲ್ಲಿಗೆಗೆ ನೀರು ನಿಲ್ಲಿಸಿ. ತಿಂಗಳ ಕೊನೆಗೆ ಹರಿತವಾದ ಕತ್ತರಿಯಿಂದ, ನೆಲದಿಂದ ಒಂದೂವರೆ ಅಡಿ ಎತ್ತರಕ್ಕೆ, ಗೆಣ್ಣಿನ ತುಸು ಮೇಲೆ ಸವರಿ. ಬುಡಕ್ಕೆ 10 ಕಿಲೋ ಕೊಟ್ಟಿಗೆ ಗೊಬ್ಬರ ಹಾಕಿ, ಪಾತಿ ತುಂಬ ನೀರು ಬಿಡಿ.