ಬರೆದ ಬೆಲೆ ಬೇರೆ, ತೆರುವ ಹಣ ಬೇರೆ: ಅಮೆರಿಕದಲ್ಲಿ ಬ್ರಿಟಿಷ್ ಪ್ರವಾಸಿಯ ಖರೀದಿ ಮತ್ತು ಊಟ

ಅಮೆರಿಕದ ಅಂಗಡಿಯಲ್ಲಿ ವಸ್ತುವಿಗೆ ಅಂಟಿಸಿದ ಚೀಟಿಯಲ್ಲಿ ಇರುವುದು ತೆರಿಗೆ ಸೇರದ ಬೆಲೆ. ರೆಸ್ಟೋರೆಂಟಿನ ಮೆನುವಿನಲ್ಲಿ ಇರುವುದು ತೆರಿಗೆಯೂ ಭಕ್ಷೀಸೂ ಸೇರದ ಬೆಲೆ. ಬ್ರಿಟನ್ನಿನ ಪದ್ಧತಿ ಇದಲ್ಲ. ಅಲ್ಲಿ ಶೇ. 20ರ ವ್ಯಾಟ್ ಬೆಲೆಯೊಳಗೇ ಸೇರಿರುತ್ತದೆ. ಚೀಟಿಯಲ್ಲಿ 10 ಪೌಂಡ್ ಎಂದಿದ್ದರೆ ಗಲ್ಲಾದಲ್ಲಿ ಕೊಡುವುದೂ 10 ಪೌಂಡೇ. ಪೊಟ್ಟಣದ ಮೇಲೆ ‘ಎಲ್ಲ ತೆರಿಗೆ ಸೇರಿ’ ಎಂದು ಅಚ್ಚಾದ ಎಂಆರ್‌ಪಿ ನೋಡಿ ಬೆಳೆದ ಕನ್ನಡಿಗರಿಗೂ ಬ್ರಿಟಿಷ್ ಪದ್ಧತಿಯೇ ಸಹಜ. ಆದ್ದರಿಂದ ಬ್ರಿಟನ್ನಿನಿಂದ ರಜೆಗೆಂದು ನ್ಯೂಯಾರ್ಕ್, ಒರ್ಲ್ಯಾಂಡೊ, ಲಾಸ್ ವೇಗಾಸ್‌ಗಳಿಗೆ ಹೋಗುವವರು, ಬ್ರಿಟನ್ನಿನಲ್ಲಿ ನೆಲೆಸಿದ ಕನ್ನಡಿಗ ಕುಟುಂಬಗಳೂ ಸೇರಿ, ಭಾಷೆ ಒಂದೇ ಎಂಬ ಧೈರ್ಯದಲ್ಲಿ ಇಳಿದು ಮೊದಲ ದಿನವೇ ಲೆಕ್ಕ ತಪ್ಪುತ್ತಾರೆ. ಬೆಲೆ, ಅಳತೆ, ಪದ ಈ ಮೂರರಲ್ಲಿ ಎರಡು ದೇಶಗಳು ಎಲ್ಲಿ ಬೇರೆಯಾಗುತ್ತವೆ ಎಂಬುದನ್ನು ಹೊರಡುವ ಮುಂಚೆಯೇ ತಿಳಿದುಕೊಂಡರೆ ಹಣವೂ ಉಳಿಯುತ್ತದೆ, ಮುಜುಗರವೂ ತಪ್ಪುತ್ತದೆ.

ತೆರಿಗೆಯ ಲೆಕ್ಕ

ಇಡೀ ಅಮೆರಿಕಕ್ಕೆ ಅನ್ವಯಿಸುವ ಒಂದು ಮಾರಾಟ ತೆರಿಗೆ ಇಲ್ಲ. ಅದು ರಾಜ್ಯಗಳ ಅಧಿಕಾರ. 45 ರಾಜ್ಯಗಳು ಮತ್ತು ರಾಜಧಾನಿ ವಾಷಿಂಗ್ಟನ್ ಈ ತೆರಿಗೆ ವಿಧಿಸುತ್ತವೆ. ಅದರ ಮೇಲೆ ಕೌಂಟಿಗಳೂ ನಗರಗಳೂ ತಮ್ಮ ಪಾಲು ಸೇರಿಸುವುದುಂಟು. ನ್ಯೂಯಾರ್ಕ್ ನಗರದಲ್ಲಿ ಒಟ್ಟು ದರ ಶೇ. 8.875. ಒರ್ಲ್ಯಾಂಡೊದಲ್ಲಿ ಶೇ. 6.5. ಕ್ಯಾಲಿಫೋರ್ನಿಯದಲ್ಲಿ ಶೇ. 7.25ಕ್ಕಿಂತ ಕಡಿಮೆ ಎಲ್ಲೂ ಇಲ್ಲ, ಹಲವು ಊರುಗಳಲ್ಲಿ ಅದಕ್ಕಿಂತ ಹೆಚ್ಚು. ಒರೆಗಾನ್, ಡೆಲವೇರ್, ಮೊಂಟಾನಾ, ನ್ಯೂ ಹ್ಯಾಂಪ್‌ಶೈರ್ ರಾಜ್ಯಗಳು ಮಾರಾಟ ತೆರಿಗೆಯನ್ನು ಕೇಳುವುದೇ ಇಲ್ಲ. ಅಲಾಸ್ಕದಲ್ಲಿ ರಾಜ್ಯದ ತೆರಿಗೆ ಇಲ್ಲದಿದ್ದರೂ ಕೆಲವು ಊರುಗಳು ತಮ್ಮದನ್ನು ವಿಧಿಸುತ್ತವೆ.

ಬಟ್ಟೆ ಕೊಳ್ಳುವವರಿಗೆ ಇದರಲ್ಲಿ ನಿಜವಾದ ಲಾಭವಿದೆ. ಪೆನ್ಸಿಲ್ವೇನಿಯ, ನ್ಯೂಜೆರ್ಸಿ, ಮಿನೆಸೋಟ ರಾಜ್ಯಗಳಲ್ಲಿ ನಿತ್ಯ ತೊಡುವ ಉಡುಪಿಗೆ ತೆರಿಗೆ ಇಲ್ಲ. 1992ರಲ್ಲಿ ತೆರೆದ ಬೃಹತ್ ‘ಮಾಲ್ ಆಫ್ ಅಮೆರಿಕ’ ಇರುವುದು ಮಿನೆಸೋಟದಲ್ಲೇ. ನ್ಯೂಯಾರ್ಕ್ ನಗರದಲ್ಲಿ 110 ಡಾಲರಿಗಿಂತ ಕಡಿಮೆ ಬೆಲೆಯ ಬಟ್ಟೆ, ಪಾದರಕ್ಷೆಗಳಿಗೆ ವಿನಾಯಿತಿಯಿದೆ. ಈ ಮಿತಿ ಒಂದೊಂದು ವಸ್ತುವಿಗೆ ಪ್ರತ್ಯೇಕ, ಇಡೀ ಬಿಲ್ಲಿಗೆ ಅಲ್ಲ. 60 ಡಾಲರಿನ ಮೂರು ಅಂಗಿ ಕೊಂಡರೆ ತೆರಿಗೆ ಬೀಳದು. 180 ಡಾಲರಿನ ಒಂದು ಕೋಟು ಕೊಂಡರೆ ಪೂರ್ಣ ಬೆಲೆಗೆ ಬೀಳುತ್ತದೆ. ಬೇಳೆ, ಹಾಲು, ತರಕಾರಿಯಂಥ ದಿನಸಿಗೂ ಹಲವು ರಾಜ್ಯಗಳು ತೆರಿಗೆ ಹಾಕುವುದಿಲ್ಲ. ಆದರೆ ಬಿಸಿಯಾಗಿ ತಯಾರಿಸಿ ಕೊಡುವ ತಿಂಡಿಗೆ ಸಾಮಾನ್ಯವಾಗಿ ಹಾಕುತ್ತವೆ. ತೆರಿಗೆ ಕೇಂದ್ರ ಸರ್ಕಾರದ್ದಲ್ಲವಾದ್ದರಿಂದ, ದೇಶ ಬಿಡುವಾಗ ವಿಮಾನ ನಿಲ್ದಾಣದಲ್ಲಿ ರಸೀದಿ ತೋರಿಸಿ ಅದನ್ನು ಹಿಂದಕ್ಕೆ ಪಡೆಯುವ ರಾಷ್ಟ್ರವ್ಯಾಪಿ ವ್ಯವಸ್ಥೆಯೂ ಅಮೆರಿಕದಲ್ಲಿ ಇಲ್ಲ.

ಎಲ್ಲಿ ಕೊಳ್ಳಬೇಕು, ಯಾವಾಗ ಕೊಳ್ಳಬೇಕು

ಬ್ರಿಟಿಷ್ ಪ್ರವಾಸಿಗರನ್ನು ಹೆಚ್ಚು ಸೆಳೆಯುವುದು ಊರ ಹೊರಗಿನ ಔಟ್‌ಲೆಟ್ ಮಾಲ್‌ಗಳು. ಮ್ಯಾನ್‌ಹ್ಯಾಟನ್ನಿನಿಂದ ಬಸ್ಸಿನಲ್ಲಿ ಸುಮಾರು ಒಂದು ಗಂಟೆಯ ದಾರಿಯ ವುಡ್‌ಬರಿ ಕಾಮನ್‌ನಲ್ಲಿ 200ಕ್ಕೂ ಹೆಚ್ಚು ಮಳಿಗೆಗಳಿವೆ. ಫ್ಲಾರಿಡಾದ ಸಾಗ್ರಾಸ್ ಮಿಲ್ಸ್ ಮತ್ತು ಒರ್ಲ್ಯಾಂಡೊದ ಪ್ರೀಮಿಯಂ ಔಟ್‌ಲೆಟ್‌ಗಳೂ ಇದೇ ಬಗೆಯವು. ಇಲ್ಲಿ ಸಿಗುವ ಎಲ್ಲವೂ ದೊಡ್ಡ ಮಳಿಗೆಯಲ್ಲಿ ಮಾರಾಟವಾಗದೆ ಉಳಿದ ಸರಕಲ್ಲ. ಹಲವು ಕಂಪನಿಗಳು ಔಟ್‌ಲೆಟ್‌ಗೆಂದೇ ಕಡಿಮೆ ಖರ್ಚಿನಲ್ಲಿ ಬೇರೆ ಸರಕು ತಯಾರಿಸುತ್ತವೆ. ಆದ್ದರಿಂದ ‘ಮೂಲ ಬೆಲೆ’ ಎಂದು ಹೊಡೆದುಹಾಕಿದ ಅಂಕಿಗಿಂತ ಬಟ್ಟೆಯ ಹೊಲಿಗೆ, ಜಿಪ್ಪು, ಒಳಪದರ ನೋಡಿ ತೀರ್ಮಾನಿಸುವುದು ಕ್ಷೇಮ.

ರಿಯಾಯಿತಿ ಮಾರಾಟಗಳು ಸರ್ಕಾರಿ ರಜೆಗಳ ಸುತ್ತ ಬರುತ್ತವೆ. ಮೇ ಕೊನೆಯ ಸೋಮವಾರದ ಮೆಮೋರಿಯಲ್ ಡೇ, ಜುಲೈ 4ರ ಸ್ವಾತಂತ್ರ್ಯ ದಿನ, ಸೆಪ್ಟೆಂಬರಿನ ಮೊದಲ ಸೋಮವಾರದ ಲೇಬರ್ ಡೇ ಮುಖ್ಯವಾದವು. ಎಲ್ಲಕ್ಕಿಂತ ದೊಡ್ಡದು ನವೆಂಬರಿನ ನಾಲ್ಕನೇ ಗುರುವಾರದ ಥ್ಯಾಂಕ್ಸ್‌ಗಿವಿಂಗ್ ಮರುದಿನದ ಬ್ಲ್ಯಾಕ್ ಫ್ರೈಡೇ. ಆ ಗುರುವಾರ ಮಾತ್ರ ಬಹುತೇಕ ದೊಡ್ಡ ಮಳಿಗೆಗಳು ಮುಚ್ಚಿರುತ್ತವೆ, ತೆರೆದಿರುವ ರೆಸ್ಟೋರೆಂಟ್‌ಗಳೂ ಕಡಿಮೆ. ಅಂದಿನ ಊಟಕ್ಕೆ ಮೊದಲೇ ವ್ಯವಸ್ಥೆ ಮಾಡಿಕೊಳ್ಳಬೇಕು. ನ್ಯೂಜೆರ್ಸಿಯ ಬರ್ಗನ್ ಕೌಂಟಿಯಲ್ಲಿ ಭಾನುವಾರ ಬಟ್ಟೆ ಮಾರುವುದನ್ನು ಹಳೆಯ ಕಾನೂನೊಂದು ಇಂದಿಗೂ ತಡೆದಿದೆ. ತೆರಿಗೆ ಇಲ್ಲದ ಬಟ್ಟೆಗೆಂದು ನ್ಯೂಯಾರ್ಕಿನಿಂದ ಅಲ್ಲಿಗೆ ಹೋಗುವವರು ವಾರ ನೋಡಿ ಹೊರಡಬೇಕು.

ಅಳತೆ ಮತ್ತು ವಿದ್ಯುತ್

ಉಡುಪಿನ ಅಂಕಿಗಳು ಎರಡು ದೇಶಗಳಲ್ಲಿ ಹೊಂದುವುದಿಲ್ಲ. ಹೆಂಗಸರ ಉಡುಪಿನಲ್ಲಿ ಬ್ರಿಟಿಷ್ ಅಳತೆಯಿಂದ 4 ಕಳೆದರೆ ಅಮೆರಿಕದ ಅಳತೆ ಸಿಗುತ್ತದೆ: ಬ್ರಿಟನ್ನಿನ 12 ಅಮೆರಿಕದ 8. ಪಾದರಕ್ಷೆಯಲ್ಲಿ ಲೆಕ್ಕ ತಿರುಗುಮುರುಗು. ಗಂಡಸರ ಬ್ರಿಟಿಷ್ ಅಂಕಿಗೆ ಸುಮಾರು 1, ಹೆಂಗಸರದಕ್ಕೆ ಸುಮಾರು 2 ಕೂಡಿಸಬೇಕು. ಗಂಡಸರ ಶರ್ಟಿನ ಕಾಲರ್ ಮಾತ್ರ ಎರಡೂ ಕಡೆ ಅಂಗುಲದಲ್ಲೇ. ಕಂಪನಿಯಿಂದ ಕಂಪನಿಗೆ ವ್ಯತ್ಯಾಸ ಇದ್ದೇ ಇರುವುದರಿಂದ ತೊಟ್ಟು ನೋಡಿಯೇ ಕೊಳ್ಳಬೇಕು. ಪದವೂ ಗೊಂದಲಕ್ಕೆ ಕಾರಣವಾಗುತ್ತದೆ. ಅಮೆರಿಕದಲ್ಲಿ ‘ಪ್ಯಾಂಟ್ಸ್’ ಎಂದರೆ ಷರಾಯಿ, ಬ್ರಿಟನ್ನಿನಲ್ಲಿ ಒಳಚಡ್ಡಿ. ಬ್ರಿಟಿಷರ ‘ಗ್ರೌಂಡ್ ಫ್ಲೋರ್’ ಅಮೆರಿಕದ ಮಳಿಗೆಯಲ್ಲಿ ‘ಫಸ್ಟ್ ಫ್ಲೋರ್’.

ವಿದ್ಯುತ್ ಸಾಮಾನು ಕೊಳ್ಳುವಾಗ ಇನ್ನೂ ಎಚ್ಚರ ಬೇಕು. ಅಮೆರಿಕದ ವಿದ್ಯುತ್ 120 ವೋಲ್ಟ್, ಬ್ರಿಟನ್ನಿನದು 230. ಫೋನ್, ಲ್ಯಾಪ್‌ಟಾಪ್ ಚಾರ್ಜರ್‌ಗಳ ಮೇಲೆ ಸಾಮಾನ್ಯವಾಗಿ 100–240 ವೋಲ್ಟ್ ಎಂದು ಬರೆದಿರುತ್ತದೆ. ಪ್ಲಗ್ಗಿನ ಅಡಾಪ್ಟರ್ ಇದ್ದರೆ ಅವು ಎರಡೂ ಕಡೆ ನಡೆಯುತ್ತವೆ. ಕೂದಲು ಒಣಗಿಸುವ ಯಂತ್ರ, ಮಿಕ್ಸಿ, ಕಾಫಿ ಯಂತ್ರಗಳ ಮೇಲೆ 120 ಎಂದಷ್ಟೇ ಇದ್ದರೆ, ಅವನ್ನು ಮನೆಗೆ ತಂದು ಪ್ಲಗ್ಗಿಗೆ ಹಾಕಿದೊಡನೆ ಸುಟ್ಟುಹೋಗುವ ಅಪಾಯವಿದೆ.

ತಿನ್ನುವ ವಸ್ತುವಿನ ದಿನಾಂಕವನ್ನೂ ಸರಿಯಾಗಿ ಓದಬೇಕು. ಅಮೆರಿಕದಲ್ಲಿ ತಿಂಗಳು ಮೊದಲು, ದಿನ ಆಮೇಲೆ. ಪೊಟ್ಟಣದ ಮೇಲಿನ 04/07 ಎಂದರೆ ಏಪ್ರಿಲ್ 7, ಜುಲೈ 4 ಅಲ್ಲ.

ನೋಟು, ನಾಣ್ಯ, ಕಾರ್ಡ್

ಬ್ರಿಟನ್ನಿನಲ್ಲಿ ಒಂದೊಂದು ನೋಟು ಒಂದೊಂದು ಗಾತ್ರ. ಅಮೆರಿಕದಲ್ಲಿ 1 ಡಾಲರಿನಿಂದ 100 ಡಾಲರಿನವರೆಗೆ ಎಲ್ಲವೂ ಒಂದೇ ಗಾತ್ರ, ಬಣ್ಣದಲ್ಲೂ ಹೆಚ್ಚಿನ ಅಂತರವಿಲ್ಲ. ಕೊಡುವ ಮುಂಚೆ ಮೂಲೆಯ ಅಂಕಿ ನೋಡಬೇಕು. 10 ಸೆಂಟಿನ ‘ಡೈಮ್’ ನಾಣ್ಯ 5 ಸೆಂಟಿನ ‘ನಿಕಲ್’ಗಿಂತ ಚಿಕ್ಕದು, ಅದರ ಮೇಲೆ 10 ಎಂಬ ಅಂಕಿಯೂ ಇಲ್ಲ, ‘ಒನ್ ಡೈಮ್’ ಎಂದಷ್ಟೇ ಇದೆ. ಒಂದು, ಐದು ಡಾಲರಿನ ನೋಟುಗಳು ಭಕ್ಷೀಸಿಗೆ ಬೇಕಾಗುವುದರಿಂದ ಕೈಯಲ್ಲಿ ಒಂದಷ್ಟು ಇಟ್ಟುಕೊಂಡಿರುವುದು ಲೇಸು.

ಕಾರ್ಡ್ ಯಂತ್ರ ‘ಪೌಂಡಿನಲ್ಲಿ ಪಾವತಿಸುತ್ತೀರಾ, ಡಾಲರಿನಲ್ಲೋ’ ಎಂದು ಕೇಳಿದರೆ ಡಾಲರನ್ನೇ ಆರಿಸಬೇಕು. ಪೌಂಡ್ ಎಂದರೆ ವಿನಿಮಯ ದರವನ್ನು ಅಂಗಡಿಯ ಕಡೆಯವರು ನಿಗದಿ ಮಾಡುತ್ತಾರೆ, ಅದು ಸಾಮಾನ್ಯವಾಗಿ ಗಿರಾಕಿಗೆ ನಷ್ಟದ ದರ. ಹಲವು ಬ್ರಿಟಿಷ್ ಕಾರ್ಡ್‌ಗಳು ವಿದೇಶಿ ವ್ಯವಹಾರಕ್ಕೆ ಶೇ. 3ರ ಆಸುಪಾಸಿನ ಶುಲ್ಕ ಹಾಕುತ್ತವೆ. ಆ ಶುಲ್ಕವಿಲ್ಲದ ಕಾರ್ಡನ್ನು ಹೊರಡುವ ಮುಂಚೆ ಮಾಡಿಸಿಕೊಳ್ಳಬಹುದು. ಬಾಡಿಗೆ ಕಾರಿಗೆ ಪೆಟ್ರೋಲ್ ಹಾಕಿಸುವಾಗ, ಅಲ್ಲಿ ಅದನ್ನು ‘ಗ್ಯಾಸ್’ ಎನ್ನುತ್ತಾರೆ, ಬಂಕಿನ ಯಂತ್ರ ಅಮೆರಿಕದ ಐದಂಕಿಯ ಜಿಪ್ ಕೋಡ್ ಕೇಳಿ ವಿದೇಶಿ ಕಾರ್ಡನ್ನು ನಿರಾಕರಿಸುವುದುಂಟು. ಒಳಗೆ ಹೋಗಿ ಪಂಪಿನ ಸಂಖ್ಯೆ ಹೇಳಿ ಮುಂಗಡ ಕೊಟ್ಟರೆ ಕೆಲಸ ಆಗುತ್ತದೆ.

ಔಷಧದ ಅಂಗಡಿಯಲ್ಲಿ ತಿಳಿದಿರಲೇಬೇಕಾದ ಪದ ಒಂದಿದೆ. ಬ್ರಿಟನ್ನಿನಲ್ಲೂ ಭಾರತದಲ್ಲೂ ಪ್ಯಾರಾಸಿಟಮಾಲ್ ಎನ್ನುವ ಮಾತ್ರೆಗೆ ಅಮೆರಿಕದಲ್ಲಿ ‘ಅಸಿಟಮಿನೊಫೆನ್’ ಎಂದು ಹೆಸರು. ‘ಟೈಲೆನಾಲ್’ ಅದರ ಪ್ರಸಿದ್ಧ ಬ್ರಾಂಡ್. ನೆಗಡಿ, ಜ್ವರದ ಹಲವು ಔಷಧಗಳಲ್ಲೂ ಇದು ಬೆರೆತಿರುತ್ತದೆ. ಹೆಸರು ಬೇರೆ ಎಂದು ಎರಡನ್ನೂ ನುಂಗಿದರೆ ಪ್ರಮಾಣ ಮೀರಿ ಯಕೃತ್ತಿಗೆ ಹಾನಿಯಾಗಬಹುದು.

ಊಟದ ಮೇಜಿನಲ್ಲಿ

ಬ್ರಿಟನ್ನಿನ ಪಬ್ಬಿನಲ್ಲಿ ಖಾಲಿ ಮೇಜು ನೋಡಿ ತಾವೇ ಕೂತು, ಕೌಂಟರಿಗೆ ಹೋಗಿ ಊಟ ಹೇಳುವುದು ರೂಢಿ. ಅಮೆರಿಕದ ರೆಸ್ಟೋರೆಂಟಿನಲ್ಲಿ ಬಾಗಿಲ ಬಳಿ ನಿಂತು ಕಾಯಬೇಕು. ಅಲ್ಲಿರುವವರು ಕರೆದೊಯ್ದು ಕೂರಿಸುತ್ತಾರೆ. ಒಂದು ಮೇಜನ್ನು ಕೊನೆಯವರೆಗೂ ಒಬ್ಬರೇ ನೋಡಿಕೊಳ್ಳುವುದು ವಾಡಿಕೆ, ಭಕ್ಷೀಸು ಸಲ್ಲುವುದೂ ಅವರಿಗೇ.

ಮೆನುವಿನ ಪದಗಳು ಪರಿಚಿತವೆನಿಸಿದರೂ ಅರ್ಥ ಬೇರೆ. ಅಮೆರಿಕದಲ್ಲಿ ‘ಆಂಟ್ರೇ’ ಎಂದರೆ ಮುಖ್ಯ ಊಟ. ಊಟಕ್ಕೆ ಮುಂಚಿನ ತಿನಿಸು ‘ಅಪೆಟೈಸರ್’. ‘ಚಿಪ್ಸ್’ ಕೇಳಿದರೆ ಪೊಟ್ಟಣದ ಗರಿಗರಿ ಆಲೂ ಬರುತ್ತದೆ. ಬೆಂಗಳೂರಿನಲ್ಲೂ ಚಿಪ್ಸ್ ಎಂದರೆ ಅದೇ ಆದ್ದರಿಂದ ಕನ್ನಡಿಗರಿಗೆ ಇದರಲ್ಲಿ ತೊಡಕಿಲ್ಲ. ಬ್ರಿಟಿಷರಿಗೆ ಬೇಕಾದ ಬಿಸಿ ಆಲೂಗಡ್ಡೆಗೆ ಅಲ್ಲಿ ‘ಫ್ರೈಸ್’ ಎನ್ನಬೇಕು. ‘ಬಿಸ್ಕತ್ತು’ ಎಂದರೆ ಮೆದುವಾದ, ಉಪ್ಪುರುಚಿಯ ಸಣ್ಣ ಬನ್ನು. ಚಹಾದ ಜೊತೆಯ ಸಿಹಿ ಬಿಸ್ಕತ್ತು ‘ಕುಕಿ’. ಬದನೆಕಾಯಿ ಬ್ರಿಟನ್ನಿನಲ್ಲಿ ‘ಒಬರ್ಜೀನ್’, ಅಮೆರಿಕದಲ್ಲಿ ‘ಎಗ್‌ಪ್ಲಾಂಟ್’. ಹೆಸರಿನಲ್ಲಿ ಎಗ್ ಇದ್ದರೂ ಮೊಟ್ಟೆಯಿಲ್ಲ. ಕೊತ್ತಂಬರಿ ಸೊಪ್ಪಿಗೆ ‘ಸಿಲಾಂಟ್ರೊ’ ಎನ್ನುತ್ತಾರೆ. ‘ಕೊರಿಯಾಂಡರ್’ ಎಂದರೆ ಅಲ್ಲಿ ಬರುವುದು ಧನಿಯಾ.

ಸಸ್ಯಾಹಾರಿಗಳು ಹೆಸರನ್ನು ನಂಬದೆ ಕೇಳಿ ತಿಳಿಯಬೇಕು. ತರಕಾರಿ ಸೂಪಿಗೆ ಕೋಳಿಯ ಸಾರು, ಮೆಕ್ಸಿಕನ್ ಬೀನ್ಸ್ ಖಾದ್ಯಕ್ಕೆ ಹಂದಿಯ ಕೊಬ್ಬು, ಸೀಸರ್ ಸಲಾಡಿಗೆ ಮೀನು ಸೇರಿರಬಹುದು. ಅಲರ್ಜಿ ಇರುವವರಿಗೂ ಇದೇ ಮಾತು. ಬ್ರಿಟನ್ನಿನಲ್ಲಿ 14 ಅಲರ್ಜಿಕಾರಕಗಳ ಮಾಹಿತಿ ಕೊಡುವುದು ಉಪಾಹಾರ ಗೃಹದ ಹೊಣೆ. ಅಮೆರಿಕದ ಕೇಂದ್ರ ಕಾನೂನು ಪೊಟ್ಟಣದ ಆಹಾರಕ್ಕೆ 9ನ್ನು ಗುರುತಿಸಿದೆ. ರೆಸ್ಟೋರೆಂಟಿನ ಮೆನುವಿಗೆ ಅಂಥ ದೇಶವ್ಯಾಪಿ ನಿಯಮವಿಲ್ಲ.

ನಲ್ಲಿ ನೀರು ಉಚಿತ. ಲೋಟದ ತುಂಬ ಐಸ್ ಹಾಕಿ ತರುತ್ತಾರೆ, ಬೇಡವಾದರೆ ಮೊದಲೇ ಹೇಳಬೇಕು. ಸೋಡಾ ಪಾನೀಯ, ಕಾಫಿಯನ್ನು ಹಲವು ಕಡೆ ಮತ್ತೆ ಮತ್ತೆ ಉಚಿತವಾಗಿ ತುಂಬುತ್ತಾರೆ. ‘ಟೀ’ ಎಂದಷ್ಟೇ ಕೇಳಿದರೆ ತಣ್ಣನೆಯ ಚಹಾ ಬರಬಹುದು, ದಕ್ಷಿಣದ ರಾಜ್ಯಗಳಲ್ಲಿ ಸಕ್ಕರೆ ತುಂಬಿದ್ದು. ಬಿಸಿ ಬೇಕಾದರೆ ‘ಹಾಟ್ ಟೀ’ ಎನ್ನಬೇಕು. ಬಡಿಸುವ ಪ್ರಮಾಣ ದೊಡ್ಡದು. ಇಬ್ಬರು ಒಂದು ತಟ್ಟೆ ಹಂಚಿಕೊಳ್ಳುವುದಕ್ಕೂ, ಮಿಕ್ಕಿದ್ದನ್ನು ಡಬ್ಬಿಯಲ್ಲಿ ಕಟ್ಟಿಸಿಕೊಳ್ಳುವುದಕ್ಕೂ ಯಾರೂ ಸಂಕೋಚಪಡುವುದಿಲ್ಲ.

ಮದ್ಯಕ್ಕೆ ವಯಸ್ಸಿನ ಮಿತಿ 21, ಬ್ರಿಟನ್ನಿನಲ್ಲಿ 18. ನಡುವಯಸ್ಸಿನವರನ್ನೂ ಗುರುತಿನ ದಾಖಲೆ ಕೇಳುತ್ತಾರೆ, ಪಾಸ್‌ಪೋರ್ಟ್ ಇದ್ದರೆ ತಕರಾರಿಲ್ಲ. ಬ್ರಿಟನ್ನಿನ ಪೈಂಟ್ 568 ಮಿಲಿಲೀಟರ್, ಅಮೆರಿಕದ್ದು 473. ‘ಸೈಡರ್’ ಎಂದರೆ ಅಲ್ಲಿ ಮದ್ಯವಿಲ್ಲದ ಸೇಬಿನ ರಸ. ಮದ್ಯದ್ದು ‘ಹಾರ್ಡ್ ಸೈಡರ್’. ಬಾಟಲಿ ತೆರೆದು ಬೀದಿಯಲ್ಲಿ ಕುಡಿಯುವುದು ಬಹುತೇಕ ನಗರಗಳಲ್ಲಿ ಅಪರಾಧ.

ಭಕ್ಷೀಸು ಮತ್ತು ಬಿಲ್ಲು

ಬ್ರಿಟನ್ನಿನಲ್ಲಿ ಭಕ್ಷೀಸು ಸಂತೋಷಕ್ಕೆ ಕೊಡುವ ಹಣ. ಅಮೆರಿಕದಲ್ಲಿ ಅದು ಬಡಿಸುವವರ ಸಂಬಳದ ಮುಖ್ಯ ಭಾಗ. ಭಕ್ಷೀಸು ಪಡೆಯುವ ನೌಕರರಿಗೆ ಮಾಲೀಕರು ನೇರವಾಗಿ ಕೊಡಬೇಕಾದ ಕೇಂದ್ರದ ಕನಿಷ್ಠ ಕೂಲಿ ಗಂಟೆಗೆ 2.13 ಡಾಲರ್, 1991ರಿಂದ ಇದು ಬದಲಾಗಿಲ್ಲ. ಕ್ಯಾಲಿಫೋರ್ನಿಯ, ನೆವಾಡ ಮೊದಲಾದ ಕೆಲವು ರಾಜ್ಯಗಳು ಪೂರ್ಣ ಕನಿಷ್ಠ ಕೂಲಿ ಕೊಡಿಸುತ್ತವೆಯಾದರೂ ಅಲ್ಲಿಯೂ ಭಕ್ಷೀಸಿನ ರೂಢಿ ಅದೇ. ಮೇಜಿಗೆ ಬಂದು ಬಡಿಸುವಲ್ಲಿ ತೆರಿಗೆಗೆ ಮುಂಚಿನ ಮೊತ್ತದ ಮೇಲೆ ಶೇ. 18ರಿಂದ 20 ಕೊಡುವುದು ಇಂದಿನ ವಾಡಿಕೆ. ಬಾರಿನಲ್ಲಿ ಒಂದು ಪಾನೀಯಕ್ಕೆ ಒಂದೆರಡು ಡಾಲರ್ ಸಾಕು. ಕೌಂಟರಿನಲ್ಲೇ ಕೊಂಡೊಯ್ಯುವ ಕಾಫಿ, ಸ್ಯಾಂಡ್‌ವಿಚ್‌ಗೆ ಯಂತ್ರದ ಪರದೆ ಭಕ್ಷೀಸು ಕೇಳಿದರೂ ಕೊಡುವುದು ಬಿಡುವುದು ಗಿರಾಕಿಯ ಇಷ್ಟ.

ನ್ಯೂಯಾರ್ಕಿನಲ್ಲಿ ಇಬ್ಬರ ಊಟಕ್ಕೆ ಮೆನುವಿನ ಪ್ರಕಾರ 60 ಡಾಲರ್ ಆಯಿತು ಎನ್ನೋಣ. ತೆರಿಗೆ 5.33, ಶೇ. 20ರ ಭಕ್ಷೀಸು 12, ಒಟ್ಟು 77.33 ಡಾಲರ್. ಲೆಕ್ಕ ಬೇಡವೆನ್ನುವವರು ಆ ನಗರದಲ್ಲಿ ಬಿಲ್ಲಿನ ತೆರಿಗೆಯನ್ನು ಎರಡರಿಂದ ಗುಣಿಸಿದರೆ ಸರಿಸುಮಾರು ಶೇ. 18 ಸಿಗುತ್ತದೆ. ಕೊಡುವ ಮುಂಚೆ ಬಿಲ್ಲನ್ನು ಪೂರ್ತಿ ಓದಬೇಕು. ಮಯಾಮಿ ಬೀಚ್‌ನಂಥ ಪ್ರವಾಸಿ ತಾಣಗಳಲ್ಲಿ, ಆರೆಂಟು ಜನರ ಗುಂಪಿದ್ದಲ್ಲಿ, ಭಕ್ಷೀಸನ್ನು ಮೊದಲೇ ಸೇರಿಸಿರುತ್ತಾರೆ; ಗಮನಿಸದಿದ್ದರೆ ಎರಡು ಸಲ ಕೊಟ್ಟಂತಾಗುತ್ತದೆ. ಕಾರ್ಡನ್ನು ಒಳಗೆ ಒಯ್ದು ಚೀಟಿಯೊಂದಿಗೆ ಮರಳಿಸುವ ಹಳೆಯ ಕ್ರಮ ಇನ್ನೂ ಹಲವೆಡೆ ಇದೆ. ಆ ಚೀಟಿಯಲ್ಲಿ ಭಕ್ಷೀಸಿನ ಅಂಕಿಯನ್ನೂ ಒಟ್ಟು ಮೊತ್ತವನ್ನೂ ಬರೆದು ಸಹಿ ಹಾಕಿ, ಅದರ ಒಂದು ಪ್ರತಿಯನ್ನು ಇಟ್ಟುಕೊಳ್ಳಬೇಕು.

ಮರಳುವಾಗ

ಬ್ರಿಟನ್ನಿಗೆ ಮರಳುವವರು ಮದ್ಯ, ತಂಬಾಕು ಬಿಟ್ಟು ಉಳಿದ ಸರಕನ್ನು ತಲಾ 390 ಪೌಂಡ್ ಮೌಲ್ಯದವರೆಗೆ ಸುಂಕವಿಲ್ಲದೆ ತರಬಹುದು. ಮಿತಿ ಮೀರಿದರೆ ತೆರಿಗೆ ಬೀಳುವುದು ಹೆಚ್ಚಿನ ಭಾಗಕ್ಕಲ್ಲ, ಪೂರ್ಣ ಮೌಲ್ಯಕ್ಕೆ. ಗಂಡ ಹೆಂಡಿರ ಮಿತಿ ಕೂಡಿಸಿ ಒಂದು ದುಬಾರಿ ವಸ್ತುವನ್ನು ತರಲೂ ಅವಕಾಶವಿಲ್ಲ. ಅಮೆರಿಕದಿಂದ ಮಾಂಸದ ಮತ್ತು ಹಾಲಿನ ಪದಾರ್ಥಗಳನ್ನು ಚೀಲದಲ್ಲಿ ತರುವುದು ನಿಷಿದ್ಧ. ಒಣಮಾಂಸದ ‘ಜರ್ಕಿ’ ಪೊಟ್ಟಣವೂ ಇದರಲ್ಲಿ ಸೇರುತ್ತದೆ. ರಸೀದಿಗಳನ್ನು ಕೈಚೀಲದಲ್ಲಿ ಇಟ್ಟುಕೊಂಡರೆ ಸುಂಕದ ಅಧಿಕಾರಿ ಕೇಳಿದಾಗ ತೋರಿಸಬಹುದು.

ಬಜೆಟ್ ಹಾಕುವಾಗ ಎರಡು ಅಂಕಿ ನೆನಪಿದ್ದರೆ ಸಾಕು: ಅಂಗಡಿಯ ಚೀಟಿಯ ಬೆಲೆಗೆ ಶೇ. 10, ರೆಸ್ಟೋರೆಂಟಿನ ಮೆನುವಿನ ಬೆಲೆಗೆ ಶೇ. 30 ಸೇರಿಸಿಕೊಳ್ಳಬೇಕು. ಅಮೆರಿಕದ ಬಹುತೇಕ ಊರುಗಳಲ್ಲಿ ಪ್ರವಾಸಿ ನಿಜವಾಗಿ ತೆರುವ ಬೆಲೆ ಅದು.