ಹರಾರೆಯ ಅಜ್ಜಿಯರ ಬೆಂಚು

‘ಜಿಂಬಾಬ್ವೆಯಲ್ಲಿ ಅಜ್ಜಿಯರು ಬೆಂಚಿನ ಮೇಲೆ ಕೂರಿಸಿಕೊಂಡು ಖಿನ್ನತೆ ವಾಸಿಮಾಡುತ್ತಾರಂತೆ, ನಿಜವೇ?’ ಎಂದು ಓದುಗರೊಬ್ಬರು ಕೇಳಿದ್ದಾರೆ. ವಾಟ್ಸ್ಆ್ಯಪ್‌ನಲ್ಲಿ ಓಡಾಡುತ್ತಿರುವ ವಿಡಿಯೊವನ್ನೂ ಕಳಿಸಿದ್ದಾರೆ. ಬೆಂಚು ನಿಜ, ಅಜ್ಜಿಯರೂ ನಿಜ. ಆದರೆ ‘ಅಜ್ಜಿಯ ಪ್ರೀತಿಯೇ ಮದ್ದು’ ಎನ್ನುವ ಆ ವಿಡಿಯೊ, ಅಜ್ಜಿಯರು ಕಲಿತ ವಿದ್ಯೆಯನ್ನೇ ಮರೆತಿದೆ.

2005ರಲ್ಲಿ ಅಲ್ಲಿನ ಸರ್ಕಾರ ನಗರಗಳ ಗುಡಿಸಲುಗಳನ್ನು, ಬೀದಿ ಅಂಗಡಿಗಳನ್ನು ಕೆಡವಿಸಿತು. ಮನೆಯನ್ನೋ ದುಡಿಮೆಯನ್ನೋ ಕಳೆದುಕೊಂಡವರು ಸುಮಾರು 7 ಲಕ್ಷ ಎಂದು ವಿಶ್ವಸಂಸ್ಥೆ ಅಂದಾಜಿಸಿತು. ಮನೋವೈದ್ಯರೋ ಇಡೀ ದೇಶಕ್ಕೆ ಬೆರಳೆಣಿಕೆಯಷ್ಟು. ಅವರಲ್ಲೊಬ್ಬರಾದ ಡಿಕ್ಸನ್ ಚಿಬಾಂಡ ಅವರ ರೋಗಿಯೊಬ್ಬಳು ಬಸ್ ಚಾರ್ಜಿಗೆ ದುಡ್ಡಿಲ್ಲದೆ ಆಸ್ಪತ್ರೆಗೆ ಬರಲಾಗದೆ ಜೀವ ತೆಗೆದುಕೊಂಡಳು. 2006ರಲ್ಲಿ ಅವರು ರಾಜಧಾನಿ ಹರಾರೆಯ ಎಂಬಾರೆ ಬಡಾವಣೆಗೆ ಹೋದಾಗ ಸಿಕ್ಕವರು 14 ಮಂದಿ ಅಜ್ಜಿಯರು. ನಮ್ಮ ಆಶಾ ಕಾರ್ಯಕರ್ತೆಯರಂತೆ ಮನೆಮನೆ ಸುತ್ತುತ್ತಿದ್ದವರು. ಕ್ಲಿನಿಕ್ಕಿನೊಳಗೆ ಜಾಗವಿರಲಿಲ್ಲ, ಬೆಂಚು ಹೊರಗೆ ಬಂತು.

ಬೆಂಚಿಗೆ ಬಂದವರಿಗೆ ಮೊದಲು 14 ಪ್ರಶ್ನೆ. ಹೋದ ವಾರ ನಿದ್ದೆ ಬರಲಿಲ್ಲವೇ? ಯೋಚನೆ ಅತಿಯಾಗಿತ್ತೇ? ಅಳು ಬಂತೇ? ಸಾಯಬೇಕು ಅನ್ನಿಸಿತೇ? ಸಾವಿನ ಪ್ರಶ್ನೆಗೆ ‘ಹೌದು’ ಎಂದವರನ್ನು ಅಜ್ಜಿ ತಾನೇ ಇಟ್ಟುಕೊಳ್ಳುವುದಿಲ್ಲ, ಮೇಲಿನವರ ಬಳಿಗೆ ಕಳಿಸುತ್ತಾಳೆ. ಈ ಪ್ರಶ್ನಾವಳಿಯಲ್ಲಿ ನಮ್ಮವರ ಕೈಯೂ ಇದೆ. ಮುಂಬೈ ಮೂಲದ ಮನೋವೈದ್ಯ ವಿಕ್ರಮ್ ಪಟೇಲ್ 1990ರ ದಶಕದಲ್ಲಿ ಹರಾರೆಯಲ್ಲಿದ್ದಾಗ, ರೋಗಿಗಳು ತಮ್ಮ ಸಂಕಟವನ್ನು ಹೇಳಿಕೊಳ್ಳುವ ಬಗೆಯನ್ನೇ ಹಿಡಿದು ಅಲ್ಲಿನವರೊಂದಿಗೆ ಅದನ್ನು ರೂಪಿಸಿದರು.

ಆಮೇಲೆ ಇರುವ ಕಷ್ಟಗಳನ್ನೆಲ್ಲ ಒಂದೊಂದಾಗಿ ಹೇಳಿಸುತ್ತಾರೆ. ಗಂಡನಿಗೆ ಕೆಲಸವಿಲ್ಲ, ಬಾಡಿಗೆ ಬಾಕಿ, ಮೈಯಲ್ಲಿ ಎಚ್‌ಐವಿ. ಇದರಲ್ಲಿ ಮೊದಲು ಯಾವುದಕ್ಕೆ ಕೈಹಾಕೋಣ ಎಂದು ಆರಿಸುವವಳು ಬಂದವಳೇ. ಬಾಡಿಗೆ ಎಂದಳೆನ್ನಿ, ಯಾರನ್ನು ಕೇಳುವುದು, ಯಾವತ್ತು ಹೋಗುವುದು ಎಂಬುದನ್ನೂ ಅವಳ ಬಾಯಿಂದಲೇ ಹೊರಡಿಸಬೇಕು. ಮುಂದಿನ ಸಲ ಬಂದಾಗ ಏನಾಯಿತೆಂದು ವಿಚಾರಿಸಬೇಕು. ಹೀಗೆ ಹೆಚ್ಚೆಂದರೆ ಆರು ಭೇಟಿ. ಬುದ್ಧಿ ಹೇಳುವಂತಿಲ್ಲ! ಬದುಕಿಡೀ ಬುದ್ಧಿ ಹೇಳುತ್ತ ಬಂದ ಅಜ್ಜಿಯರಿಗೆ ತರಬೇತಿಯಲ್ಲಿ ಇದೇ ಅತ್ಯಂತ ಕಷ್ಟವಾಗಿದ್ದಿರಬೇಕು. ಈ ವಿಧಾನದ ಬೇರು ಹರಾರೆಯದಲ್ಲ. 1971ರಲ್ಲಿ ಅಮೆರಿಕದ ಡಿಜುರಿಲ್ಲಾ ಮತ್ತು ಗೋಲ್ಡ್‌ಫ್ರೀಡ್ ಎಂಬ ಮನಶ್ಶಾಸ್ತ್ರಜ್ಞರು ಮಂಡಿಸಿದ್ದು.

ಪರೀಕ್ಷೆಯೂ ನಡೆಯಿತು. 24 ಕ್ಲಿನಿಕ್‌ಗಳ 573 ಮಂದಿಯ ಅಧ್ಯಯನ 2016ರಲ್ಲಿ ಪ್ರಕಟವಾಯಿತು. ಆರು ತಿಂಗಳ ನಂತರ, ಬೆಂಚಿನಲ್ಲಿ ಕೂತವರಲ್ಲಿ ಖಿನ್ನತೆ ಉಳಿದಿದ್ದು ಶೇ 13.7 ಮಂದಿಗೆ, ಮಾಮೂಲು ಚಿಕಿತ್ಸೆ ಪಡೆದವರಲ್ಲಿ ಶೇ 49.9 ಮಂದಿಗೆ. ದೊಡ್ಡ ಅಂತರವೇ. ಆದರೂ ಇದು ಆರು ತಿಂಗಳ ಲೆಕ್ಕ, ಅದೂ ಖಿನ್ನತೆ, ಆತಂಕದಂಥ ತೊಂದರೆಗಳದ್ದು. ಸ್ಕಿಜೋಫ್ರೀನಿಯಾದಂಥ ಕಾಯಿಲೆಗೆ ಬೆಂಚು ಸಾಲದು, ಮನೋವೈದ್ಯರೇ ಬೇಕು.

ಪ್ರಶ್ನೆ ಕೇಳಿದ ಓದುಗರಿಗೆ ನನ್ನ ಉತ್ತರ: ವಿಡಿಯೊ ನೋಡಿ ಮನೆಯ ಹಿರಿಯರನ್ನು ಆಪ್ತಸಮಾಲೋಚಕರನ್ನಾಗಿ ಮಾಡಬೇಡಿ. ನಿಮಗೋ ನಿಮ್ಮವರಿಗೋ ಅಗತ್ಯವಿದ್ದರೆ ಸರ್ಕಾರದ ಟೆಲಿ–ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಹಗಲು ರಾತ್ರಿ ಇರುತ್ತದೆ, ಉಚಿತ, ಕನ್ನಡದಲ್ಲೇ ಮಾತಾಡಬಹುದು.