ಒಲ್ಲೆನೆಂದ ಊರು ನರಗುಂದ

ಹುಬ್ಬಳ್ಳಿಯಿಂದ ವಿಜಯಪುರದ ದಾರಿ ಹಿಡಿದು ಹೊರಟ ಪ್ರಯಾಣಿಕನಿಗೆ ನವಲಗುಂದವನ್ನು ದಾಟಿದ ಮೇಲೆ ಕಾಣುವುದು ಬರಿಯ ಎರೆಯ ಬಯಲು. ಜೋಳ, ಕಡಲೆ, ಹತ್ತಿ, ಮತ್ತೆ ಜೋಳ. ಆ ಸಮತಟ್ಟಾದ ಕರಿನೆಲದ ನಡುವೆ, ಯಾರೋ ತಂದು ಇಟ್ಟುಹೋದರೆಂಬಂತೆ, ಒಂದು ಗುಡ್ಡ ಒಮ್ಮೆಲೆ ಎದ್ದು ನಿಲ್ಲುತ್ತದೆ. ಅದರ ಬುಡದಲ್ಲಿರುವ ಊರೇ ನರಗುಂದ. ಇಂದು ಅದು ಗದಗ ಜಿಲ್ಲೆಯ ಒಂದು ತಾಲೂಕು ಪಟ್ಟಣ. ೧೯೯೭ರ ವರೆಗೆ ಧಾರವಾಡ ಜಿಲ್ಲೆಗೆ ಸೇರಿತ್ತು. ಮೇಲುನೋಟಕ್ಕೆ ಸಾಮಾನ್ಯವಾದ ಪೇಟೆ. ಆದರೆ ಇನ್ನೂರು ವರುಷಗಳ ಅವಧಿಯಲ್ಲಿ ಮೂರು ಬಾರಿ ಈ ಊರು ತನಗಿಂತ ಬಹು ದೊಡ್ಡದಾದ ಅಧಿಕಾರಕ್ಕೆ ‘ಒಲ್ಲೆ’ ಎಂದಿತು. ಮೂರು ಬಾರಿಯೂ ಅದರ ಬೆಲೆಯನ್ನು ತೆತ್ತಿತು.

ಗುಡ್ಡದ ಮೇಲಿನ ಕೋಟೆಯನ್ನು ೧೬೭೪ರಲ್ಲಿ ಶಿವಾಜಿಯು ಕಟ್ಟಿಸಿದನೆಂದು ಹೇಳುತ್ತಾರೆ. ಮೊಗಲರ ಗೊಂದಲವೆಲ್ಲ ಕಳೆದ ಮೇಲೆ ಅದು ಭಾವೆ ಮನೆತನದ ಬ್ರಾಹ್ಮಣ ಸಂಸ್ಥಾನಿಕರ ಕೈಯಲ್ಲಿ ನೆಲೆನಿಂತಿತು. ೧೭೭೮ರಲ್ಲಿ ಹೈದರಲಿಯು ಈ ಸೀಮೆಯನ್ನು ಆಕ್ರಮಿಸಿದಾಗಲೂ ಸಂಸ್ಥಾನಿಕನನ್ನು ಕದಲಿಸಲಿಲ್ಲ. ಕಪ್ಪವನ್ನು ಗೊತ್ತುಪಡಿಸಿ ಸುಮ್ಮನಾದನು. ಮಗನಾದ ಟೀಪು ಸುಲ್ತಾನನಿಗೆ ಆ ಮೊತ್ತ ಸಾಲದಾಯಿತು. ಹೆಚ್ಚಿನ ಕಪ್ಪವನ್ನು ಕೇಳಿದನು. ಸಂಸ್ಥಾನಿಕ ವೆಂಕಟರಾವ ಭಾವೆ, ಆತನ ಕಾರಭಾರಿ ಕಾಳೋಪಂತ ಪೇಠೆ ಇಬ್ಬರೂ ಒಪ್ಪದೆ ಪುಣೆಯ ಕಡೆ ಮುಖಮಾಡಿದರು. ರೂಢಿಯ ಕಪ್ಪಕ್ಕಿಂತ ಹೆಚ್ಚು ಕೇಳುವ ಅಧಿಕಾರ ನಿಮಗಿಲ್ಲವೆಂದು ನಾನಾ ಫಡ್ನವೀಸನು ಬರೆದನು. ನನ್ನ ಪ್ರಜೆಗಳಿಂದ ಎಷ್ಟು ಪಡೆಯಬೇಕೆಂಬುದು ನನ್ನ ಇಚ್ಛೆಯೆಂದು ಟೀಪು ಉತ್ತರವಿತ್ತನು. ೧೭೮೫ರಲ್ಲಿ ಬುರ್ಹಾನುದ್ದೀನನ ಸೇನೆಯು ಗುಡ್ಡವನ್ನು ಸುತ್ತುವರಿಯಿತು. ಜುಲೈ ತಿಂಗಳ ಕೊನೆಗೆ ಕೋಟೆ ಶರಣಾಯಿತು. ಶರಣಾದವರಿಗೆ ಕೊಟ್ಟ ಭಾಷೆ ಉಳಿಯಲಿಲ್ಲ. ವೆಂಕಟರಾಯನೂ ಅವನ ಪರಿವಾರವೂ ಕನಕಪುರದ ಬಳಿಯ ಕಬ್ಬಾಳದುರ್ಗದ ಸೆರೆಗೆ ಸಾಗಿದರು.

ಇಷ್ಟು ಸಣ್ಣ ಕಿಡಿಯಿಂದ ಹೊತ್ತಿದ ಬೆಂಕಿ ದೊಡ್ಡದು. ಮರಾಠರೂ ನಿಜಾಮನೂ ಒಂದಾಗಿ ಟೀಪುವಿನ ಮೇಲೆ ಯುದ್ಧ ಹೂಡಿದರು. ಆ ಯುದ್ಧವು ಮುಗಿದದ್ದು, ನರಗುಂದದಿಂದ ಪೂರ್ವಕ್ಕೆ ರೋಣವನ್ನು ದಾಟಿದರೆ ಸಿಗುವ ಗಜೇಂದ್ರಗಡದಲ್ಲಿ. ೧೭೮೭ರ ಏಪ್ರಿಲಿನ ಆ ಒಪ್ಪಂದದಂತೆ ಟೀಪು ನಲವತ್ತೆಂಟು ಲಕ್ಷ ರೂಪಾಯಿಗಳ ಬಾಕಿ ಕಪ್ಪವನ್ನು ತೆರಲು ಒಪ್ಪಿ, ಬಾದಾಮಿ, ಕಿತ್ತೂರು, ನರಗುಂದಗಳನ್ನು ಮರಾಠರಿಗೆ ಬಿಟ್ಟುಕೊಟ್ಟನು. ಕಾಳೋಪಂತನ ಬಿಡುಗಡೆಯೂ ಆಯಿತು. ಕಪ್ಪ ಹೆಚ್ಚಿಸಹೋದವನೇ ಕಪ್ಪ ತೆತ್ತನೆಂದು ನರಗುಂದದವರು ನಕ್ಕಿದ್ದರೆ ತಪ್ಪೇನೂ ಇಲ್ಲ.

ಎರಡನೆಯ ಕಥೆ ನಾಡಿಗೆಲ್ಲ ಪರಿಚಿತ. ಪೇಶವೆಗಳು ಅಳಿದ ಮೇಲೆ ನರಗುಂದವು ಕುಂಪಣಿಯ ಆಶ್ರಯಕ್ಕೆ ಬಂದಿತು. ಕೊನೆಯ ಸಂಸ್ಥಾನಿಕ ಭಾಸ್ಕರರಾವ, ಅಂದರೆ ಬಾಬಾಸಾಹೇಬ, ಕತ್ತಿ ಹಿಡಿಯುವುದಕ್ಕಿಂತ ಪುಸ್ತಕ ಹಿಡಿಯುವುದರಲ್ಲಿ ಪ್ರೀತಿಯುಳ್ಳವನು. ಅವನ ಸಂಗ್ರಹದಲ್ಲಿ ಸಾವಿರಾರು ಸಂಸ್ಕೃತ ಗ್ರಂಥಗಳಿದ್ದವು. ಮಕ್ಕಳಿಲ್ಲದ ಆತನು ದತ್ತಕಕ್ಕೆ ಅನುಮತಿ ಕೇಳಿದಾಗ ಸರಕಾರವು ನಿರಾಕರಿಸಿತು. ದತ್ತಕವಿಲ್ಲವೆಂದರೆ ಸಂಸ್ಥಾನವಿಲ್ಲವೆಂದೇ ಅರ್ಥ. ತನ್ನ ಗದ್ದುಗೆಗಾಗಿ ಬಂಡೆದ್ದನೆಂದು ಅವನನ್ನು ಹಗುರವಾಗಿ ಕಾಣುವವರೂ ಉಂಟು. ಆದರೆ ಇನಾಮು ಕಮಿಶನ್ನಿನಿಂದ ಭೂಮಿ ಕಳಕೊಂಡವರೂ, ಆಯುಧ ಕಳಕೊಂಡು ಹಲಗಲಿಯಲ್ಲಿ ಸಿಡಿದೆದ್ದ ಬೇಡರೂ ಅದೇ ಸೀಮೆಯವರು, ಅದೇ ಕಾಲದವರು. ಒಬ್ಬನ ಸಂಕಟ ಹಲವರ ಸಂಕಟದೊಡನೆ ಕೂಡಿಕೊಂಡಿತು.

೧೮೫೮ರ ಮೇ ತಿಂಗಳು. ಮುಂಡರಗಿಯ ಭೀಮರಾಯನು ಬಂಡಾಯದ ಬಾವುಟ ಹಾರಿಸಿದ್ದನು. ದಕ್ಷಿಣ ಮರಾಠಾ ಸೀಮೆಯ ಪೊಲಿಟಿಕಲ್ ಏಜೆಂಟನ ಹುದ್ದೆಯು ಆಗಷ್ಟೆ ಮ್ಯಾನ್ಸನ್ ಎಂಬ ಅಧಿಕಾರಿಗೆ ಬಂದಿತ್ತು. ಇನಾಮು ಕಮಿಶನ್ನಿನ ಕೆಲಸದಿಂದಾಗಿ ಆತನ ಹೆಸರು ಜನರಿಗೆ ಕಹಿಯಾಗಿದ್ದಿತು. ರಾಮದುರ್ಗದ ಸಂಸ್ಥಾನಿಕನು ಬಾಬಾಸಾಹೇಬನಿಗೆ ಮಲತಾಯಿಯ ಮಗ. ನರಗುಂದದತ್ತ ಹೋಗಬೇಡಿರೆಂದು ಅವನೇ ಮ್ಯಾನ್ಸನ್ನನಿಗೆ ಎಚ್ಚರಿಕೆ ಹೇಳಿದನು. ಮ್ಯಾನ್ಸನ್ ಕೇಳಲಿಲ್ಲ. ೨೯ರ ರಾತ್ರಿ ಸುರೇಬಾನದಲ್ಲಿ ತಂಗಿದ್ದಾಗ ಬಾಬಾಸಾಹೇಬನ ದಂಡು ಮೇಲೆರಗಿತು. ಮ್ಯಾನ್ಸನ್ನನ ರುಂಡವನ್ನು ತಂದು ನರಗುಂದದ ಅಗಸಿಗೆ ತೂಗುಹಾಕಿದರು. ‘ಕೆಂಪಗಸಿ’ ಎಂಬ ಹೆಸರನ್ನು ಊರವರು ಇಂದಿಗೂ ಆ ಕಥೆಯೊಡನೆಯೇ ಹೇಳುವುದು.

ಮುಂದಿನದೆಲ್ಲ ಎರಡು ವಾರಗಳ ಮಾತು. ಜೂನ್ ೧ರಂದು ಕರ್ನಲ್ ಮಾಲ್ಕಮ್‌ನ ಪಡೆ ಊರಿನೆದುರು ನಿಂತಿತು. ಮರುದಿನ ಕೋಟೆ ಅವನ ವಶವಾಯಿತು. ಯಾತ್ರಿಕರ ವೇಷದಲ್ಲಿ ತಪ್ಪಿಸಿಕೊಂಡು ಹೊರಟ ಬಾಬಾಸಾಹೇಬನನ್ನು ಪೋಲೀಸು ಅಧಿಕಾರಿ ಸೂಟರ್ ತೊರಗಲ್ಲ ಅಡವಿಯ ಬಳಿ ಹಿಡಿದನು. ಬೆಳಗಾವಿಯಲ್ಲಿ ವಿಚಾರಣೆ; ಜೂನ್ ೧೨ರಂದು ಗಲ್ಲು. ತಾಯಿ ಯಮುನಾಬಾಯಿ, ಹೆಂಡತಿ ಸಾವಿತ್ರೀಬಾಯಿ ಇಬ್ಬರೂ ಮಲಪ್ರಭೆಯ ಮಡುವಿನಲ್ಲಿ ದೇಹಬಿಟ್ಟರು. ಮ್ಯಾನ್ಸನ್ನನ ತಲೆಯ ಪ್ರಸಂಗವನ್ನು ಹುರುಪಿನಿಂದ ಹೇಳುವ ನಮ್ಮ ಇತಿಹಾಸಗಳು ಈ ಅತ್ತೆ ಸೊಸೆಯರನ್ನು ಒಂದೇ ವಾಕ್ಯದಲ್ಲಿ ಮುಗಿಸಿಬಿಡುತ್ತವೆ. ಸಂಸ್ಥಾನವನ್ನು ಸರಕಾರ ನುಂಗಿತು, ಕೋಟೆಯನ್ನು ಕೆಡವಿತು. ಅಲ್ಲಿಂದ ಮುಂದೆ ನೂರು ವರುಷಕ್ಕೂ ಮೇಲ್ಪಟ್ಟು ನರಗುಂದದ ಸುದ್ದಿ ಹತ್ತಿಯ ಧಾರಣೆಯ ಸುದ್ದಿ, ಮಳೆ ಬಾರದ ಸುದ್ದಿ, ಅಷ್ಟೆ.

ಅದೇ ಮಲಪ್ರಭೆಯೇ ಮೂರನೆಯ ಬಾರಿ ಊರನ್ನು ಎಬ್ಬಿಸಿತು. ಸವದತ್ತಿಯ ಬಳಿ ನವಿಲುತೀರ್ಥದಲ್ಲಿ ಕಟ್ಟಿದ ಅಣೆಕಟ್ಟು ೧೯೭೨ರಲ್ಲಿ ಪೂರ್ಣವಾಗಿ, ಎರೆಯ ಹೊಲಗಳಿಗೆ ಕಾಲುವೆ ಬಂದಿತು. ಎಲ್ಲರ ಹೊಲಕ್ಕೂ ನೀರು ಬರಲಿಲ್ಲ. ಬಂದ ಕಡೆ ಕೆಲವರ ನೆಲ ಜವುಳಾಯಿತು. ಆದರೆ ನೀರಾವರಿಯಿಂದ ನಿಮ್ಮ ಭೂಮಿಯ ಬೆಲೆ ಏರಿತೆಂದು ಸರಕಾರವು ಅಭಿವೃದ್ಧಿ ಕರವನ್ನು ಹಾಕಿತು. ನಂಬಿ ಬಿತ್ತಿದ ವರಲಕ್ಷ್ಮಿ ಹತ್ತಿಯ ಧಾರಣೆಯೂ ಕುಸಿದಿತ್ತು. ಕರ ಕೊಡಲಾರೆವೆಂದು ರೈತರು ಕಚೇರಿಗಳ ಮುಂದೆ ಕುಳಿತರು. ೧೯೮೦ರ ಜುಲೈ ೨೧ರಂದು ನರಗುಂದದ ತಹಸೀಲದಾರ ಕಚೇರಿಯ ಎದುರು ಗುಂಡು ಹಾರಿತು. ಚಿಕ್ಕನರಗುಂದದ ವೀರಪ್ಪ ಕಡ್ಲಿಕೊಪ್ಪ ಎಂಬ ರೈತ ಸತ್ತನು. ರೊಚ್ಚಿಗೆದ್ದ ಗುಂಪಿನ ಕೈಗೆ ಸಿಕ್ಕ ಪೋಲೀಸರೂ ಆ ದಿನ ಜೀವ ಕಳಕೊಂಡರು. ಅವರ ಮನೆಗಳಲ್ಲಿಯೂ ಅಂದು ದೀಪ ಹತ್ತಿರಲಾರದು. ನೆರೆಯ ನವಲಗುಂದದಲ್ಲಿ ಬಸಪ್ಪ ಲಕ್ಕುಂಡಿ ಬಲಿಯಾದನು. ಆ ಕಿಚ್ಚಿನಿಂದ ಕರ್ನಾಟಕ ರಾಜ್ಯ ರೈತ ಸಂಘ ಹುಟ್ಟಿತು. ೧೯೮೩ರ ಚುನಾವಣೆಯಲ್ಲಿ ಗುಂಡೂರಾಯರ ಸರಕಾರ ಬಿದ್ದಿತು. ಜುಲೈ ೨೧ ಇಂದಿಗೂ ರೈತ ಹುತಾತ್ಮರ ದಿನ.

ಆ ನೆನಪಿನ ಬಲದಿಂದಲೇ ೨೦೧೫ರ ಜುಲೈಯಲ್ಲಿ ಕಳಸಾ-ಬಂಡೂರಿ ನೀರಿಗಾಗಿ ಮತ್ತೆ ಇಲ್ಲಿಯೇ ಧರಣಿ ಹೂಡಿದರು. ೨೦೧೮ರಲ್ಲಿ ನ್ಯಾಯಮಂಡಳಿಯು ಮಹದಾಯಿಯ ೧೩.೪೨ ಟಿಎಂಸಿ ನೀರನ್ನು ಕರ್ನಾಟಕಕ್ಕೆ ಹಂಚಿಕೊಟ್ಟಿತು.

ಇನ್ನೊಂದು ಸಂಗತಿಯನ್ನು ವಾಚಕರ ಮುಂದಿಡಬೇಕು. ಮಳೆಯನ್ನು ನೆಚ್ಚದ ಹಿರಿಯರು ಬರಗಾಲಕ್ಕೆಂದು ಮನೆಯೊಳಗೆ, ಅಂಗಳದಲ್ಲಿ, ನೆಲದಡಿ ಹಗೇವು ತೋಡಿ ಜೋಳ ತುಂಬಿಡುತ್ತಿದ್ದರು. ಕೆಳಗಿನ ನೆಲ ಒಣಗಿದ್ದರಿಂದಲೇ ಕಾಳು ವರುಷಗಟ್ಟಲೆ ಕೆಡುತ್ತಿರಲಿಲ್ಲ. ಕಾಲ ಬದಲಾಯಿತು, ಹಗೇವುಗಳ ಬಾಯಿ ಮುಚ್ಚಿ, ಅವುಗಳ ಮೇಲೆಯೇ ಮನೆಗಳೆದ್ದವು. ಈಚಿನ ವರುಷಗಳಲ್ಲಿ ಊರಿನಡಿಯ ನೀರಿನ ಮಟ್ಟ ಏರುತ್ತ ಬಂದು, ೨೦೧೯ರಿಂದೀಚೆಗೆ ನರಗುಂದದ ಹಳೆಯ ಓಣಿಗಳಲ್ಲಿ ನೆಲ ಇದ್ದಕ್ಕಿದ್ದಂತೆ ಕುಸಿಯತೊಡಗಿತು. ನಡುಮನೆಯಲ್ಲಿ ನಿಂತವರ ಕಾಲಡಿಯೇ ಗುಂಡಿ ಬಾಯ್ದೆರೆಯಿತು. ತಜ್ಞರು ಬಂದು ನೋಡಿ ಏರಿದ ಅಂತರ್ಜಲವನ್ನೂ ಮರೆತ ಹಗೇವುಗಳನ್ನೂ ತೋರಿಸಿದರು. ಮುತ್ತಜ್ಜ ಎಲ್ಲೆಲ್ಲಿ ಜೋಳ ಹೂಳಿಟ್ಟಿದ್ದನೆಂದು ಹೇಳಬಲ್ಲ ಮುದುಕರಿಗೆ ಆ ಓಣಿಗಳಲ್ಲಿ ಈಗ ಬೆಲೆ ಬಂದಿದೆ.